ಪಂಚಮಿಯೊಳಗೆ ಬಾ ಎಂದಿದ್ದೆ

ಪುಣೆಯ ಶಿಶುಗೃಹದಲ್ಲಿ ಏನು ಕೆಲಸ ಮಾಡುತ್ತಿದ್ದೆ ಎಂದು ಮನೆಯ ಮಕ್ಕಳಾದ ನೀವು ಕೇಳಿದಾಗಲೆಲ್ಲ, ಕೂಸುಗಳಿಗೆ ಹಾಲು ಕುಡಿಸುತ್ತಿದ್ದೆ ಎಂದು ಹೇಳಿ ಮಾತು ಮುಗಿಸಿದ್ದೇನೆ. ಅದು ಸುಳ್ಳಲ್ಲ. ಆದರೆ ಒಂದು ವರ್ಷ, ಬೇಸಿಗೆಯ ಕೊನೆಯಿಂದ ಶ್ರಾವಣದವರೆಗೆ, ಬೇರೊಂದು ಕೆಲಸವೂ ನನ್ನ ಪಾಲಿಗೆ ಬಂತು. ಅದನ್ನು ಕೆಟ್ಟದಾಗಿ ಮಾಡಿದೆ. ಬಾಯಿಬಿಟ್ಟು ಹೇಳಲು ನನ್ನಿಂದ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕು ಜನರ ಎದುರು ನನ್ನ ದನಿ ಏಳುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ.

ನಮ್ಮದು ಹನ್ನೆರಡು ತೊಟ್ಟಿಲಿನ ಮನೆ. ಹೆತ್ತವರು ಸಾಕಲಾಗದೆ ಬಿಟ್ಟುಕೊಟ್ಟ ಕೂಸುಗಳನ್ನು ಅಲ್ಲಿ ಇಟ್ಟುಕೊಂಡು, ಮುಂದೆ ಕಾನೂನಿನ ಪ್ರಕಾರ ದತ್ತಕ ಕೊಡುತ್ತಿದ್ದರು. ಕೂಸು ನೋಡುವ ಹೆಂಗಸರನ್ನೆಲ್ಲ ಮರಾಠಿಯಲ್ಲಿ ಮಾವಶಿ ಎಂದೇ ಕರೆಯುತ್ತಿದ್ದರು, ಚಿಕ್ಕಮ್ಮ ಎಂದಂತೆ. ನಾನೂ ಒಬ್ಬ ಮಾವಶಿ. ಮನೆಯ ಮೇಲ್ವಿಚಾರಕಿಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದೆವು.

ಕೆಲಸಕ್ಕೆ ಸೇರಿದ ದಿನವೇ ಮೇಡಂ ನನಗೆ ಎರಡು ಕಡತ ತೋರಿಸಿದ್ದರು. ಒಂದರಲ್ಲಿ ಹೆತ್ತವಳ ಫೋಟೊ, ಹೆಸರು, ಊರು, ಹೆಬ್ಬೆಟ್ಟು. ಅದು ಮೇಡಂ ಕೋಣೆಯ ಕಬ್ಬಿಣದ ಕಪಾಟಿನಲ್ಲಿ ಇರುತ್ತದೆ, ಬೀಗದ ಕೈ ಅವರ ಬಳಿ. ಇನ್ನೊಂದು ಕೂಸಿನದು: ತೂಕ, ಚುಚ್ಚುಮದ್ದು, ಕಾಯಿಲೆ. ದತ್ತಕ ತಂದೆತಾಯಿಗೆ ಕೊಡುವುದು ಈ ಎರಡನೆಯದನ್ನು ಮಾತ್ರ. ಹೆತ್ತವಳಿಗೆ ಕೂಸು ಎಲ್ಲಿಗೆ ಹೋಯಿತೆಂದು ಹೇಳುವುದಿಲ್ಲ, ಸಾಕುವವರಿಗೆ ಹೆತ್ತವಳು ಯಾರೆಂದು ಹೇಳುವುದಿಲ್ಲ. ಸಾಕುವವರ ಹೆಸರಿನಲ್ಲೇ ಹೊಸ ಜನನ ಪತ್ರ ಬರುತ್ತದೆ. "ಈ ಎರಡು ಕಡತ ಒಂದೇ ಮೇಜಿನ ಮೇಲೆ ಬರಬಾರದು. ಮಾವಶಿಯರ ಬಾಯಿಯಿಂದಲೂ ಬರಬಾರದು" ಎಂದಿದ್ದರು. ನನಗೆ ಅದು ಕಷ್ಟವೆನಿಸಲಿಲ್ಲ. ಸುಮ್ಮನಿರುವುದೊಂದೇ ನನಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ.

ಮೇ ತಿಂಗಳ ಕೊನೆಯ ವಾರದಲ್ಲಿ ಒಂದು ಮಧ್ಯಾಹ್ನ ಮೇಡಂ ತೊಟ್ಟಿಲ ಕೋಣೆಗೆ ಬಂದು, "ಮಾವಶಿ, ನಿನಗೆ ಕನ್ನಡ ಬರುತ್ತದಲ್ಲ, ಸೀರೆ ಸರಿ ಮಾಡಿಕೊಂಡು ಬಾ" ಎಂದು ಆಟೊದಲ್ಲಿ ಕೂರಿಸಿಕೊಂಡು ಹೋದರು. ಕೂಸನ್ನು ಒಪ್ಪಿಸುವವರು ಸರ್ಕಾರದ ಮಕ್ಕಳ ಕಲ್ಯಾಣ ಸಮಿತಿಯ ಎದುರು ಹಾಜರಾಗಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಬೇಕು. ಅಂದು ಬಂದಿದ್ದ ಹುಡುಗಿ ಯಾದಗಿರಿ ಕಡೆಯವಳು. ಕಾತ್ರಜದ ಹತ್ತಿರ ಕಟ್ಟಡದ ಕೆಲಸಕ್ಕೆ ಬಂದವಳು, ಇಪ್ಪತ್ತರ ಆಸುಪಾಸು. ಮದುವೆ ಆಗಿರಲಿಲ್ಲ. ಮಾತು ಕೊಟ್ಟವನು ಗುಂಪು ಬಿಟ್ಟು ಓಡಿಹೋಗಿದ್ದ. ಅವಳಿಗೆ ಮರಾಠಿ ಅರ್ಧಂಬರ್ಧ, ಹಿಂದಿ ಅದಕ್ಕಿಂತ ಕಡಿಮೆ. ಹೆಣ್ಣುಕೂಸಿಗೆ ಒಂಬತ್ತು ದಿನ.

ಸಮಿತಿಯ ಅಧ್ಯಕ್ಷೆ ಕೇಳುವುದು, ನಾನು ಅದನ್ನು ಕನ್ನಡದಲ್ಲಿ ಹೇಳುವುದು, ಹುಡುಗಿಯ ಉತ್ತರವನ್ನು ಮರಾಠಿಯಲ್ಲಿ ಹೇಳುವುದು. ಜೋರಾಗಿ ಹೇಳಿ ಎಂದು ಅವರು ನನಗೆ ಎರಡು ಸಲ ಹೇಳಬೇಕಾಯಿತು.

ಯಾರಾದರೂ ಒತ್ತಾಯ ಮಾಡಿದ್ದಾರೆಯೇ ಎಂದು ಕೇಳಿದರು. "ಅಣ್ಣ ಕೂಸು ತಗೊಂಡು ಊರಾಗ ಕಾಲಿಡಬ್ಯಾಡ ಅಂದಾನ. ಅದು ಒತ್ತಾಯ ಏನ್ರಿ ದೊಡ್ಡವ್ವ?" ಎಂದು ಅವಳು ನನ್ನನ್ನೇ ಕೇಳಿದಳು. ನಾನು ಅವಳ ಮಾತನ್ನು ಹಾಗೆಯೇ ಹೇಳಿದೆ. ಅವರು ಬರೆದುಕೊಂಡರು.

ಕೂಸು ದೊಡ್ಡದಾಗಿ, ಹದಿನೆಂಟು ತುಂಬಿದ ಮೇಲೆ, ತನ್ನ ಮೂಲ ಕೇಳಿಕೊಂಡು ಬಂದರೆ ನಿನ್ನ ಹೆಸರು ಹೇಳಬಹುದೇ ಎಂದು ಕೇಳಿದರು.

"ಬ್ಯಾಡ್ರಿ. ಹೆಸರು ಹೇಳಬ್ಯಾಡ್ರಿ" ಎಂದಳು.

ಕೊನೆಯದಾಗಿ ಅಧ್ಯಕ್ಷೆ ನಿಧಾನವಾಗಿ ಹೇಳಿದರು: ಇಂದಿನಿಂದ ಅರವತ್ತು ದಿನ. ಅಷ್ಟರೊಳಗೆ ಮನಸ್ಸು ಬದಲಾದರೆ ಬಂದು ಕೂಸನ್ನು ಕೇಳಬಹುದು. ಆಮೇಲೆ ಅದರ ಮೇಲೆ ನಿನಗೆ ಯಾವ ಹಕ್ಕೂ ಇಲ್ಲ. ನಾನು ಹೇಳಿದೆ.

ಹುಡುಗಿ, "ಅರವತ್ತು ದಿನ ಅಂದ್ರ ಯಾವತ್ತಿಗೆ ಬರ್ತದ ದೊಡ್ಡವ್ವ? ನನಗ ಓದಾಕ ಬರಂಗಿಲ್ಲ, ತಾರೀಕು ತಿಳಿಯಂಗಿಲ್ಲ" ಎಂದಳು.

ನಮ್ಮ ಮನೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇತ್ತು. ಅಂದು ಬೆಳಿಗ್ಗೆ ಹಾಳೆ ಹರಿದಾಗ ಜ್ಯೇಷ್ಠ ಶುದ್ಧ ಪಂಚಮಿ ಎಂದು ನೋಡಿದ್ದೆ. ಬೆರಳು ಮಡಚಿದೆ. ಆಷಾಢ ಪಂಚಮಿಗೆ ಒಂದು ತಿಂಗಳು, ಶ್ರಾವಣ ಪಂಚಮಿಗೆ ಎರಡು. ಎಷ್ಟು ಸರಿಯಾಗಿ ಕೂತಿತಲ್ಲ ಎಂದು ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

"ನಾಗರ ಪಂಚಮಿ ತನಕ ಅಂತ ತಿಳ್ಕೊ ತಂಗಿ. ಬರೋದಿದ್ರ ಪಂಚಮಿಯೊಳಗ ಬಾ."

ಅವಳ ಮುಖ ಮೊದಲ ಸಲ ಸ್ವಲ್ಪ ಸಡಿಲವಾಯಿತು. "ಪಂಚಮಿ ಅಂದ್ರ ತಿಳೀತ್ರಿ. ತವರಿನವರು ಕರಿಯಾಕ ಬರೋ ಹಬ್ಬ" ಎಂದಳು.

ಅವಳಿಗೆ ತಿಳಿಯಿತೇ ಎಂದು ಅಧ್ಯಕ್ಷೆ ಕೇಳಿದರು. ತಿಳಿಯಿತು ಎಂದೆ. ಅರವತ್ತನ್ನು ನಾನು ಹಬ್ಬ ಮಾಡಿ ಹೇಳಿದ್ದೇನೆ ಎಂದು ಅವರಿಗೆ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಪತ್ರದ ಒಂದು ಪ್ರತಿಯನ್ನು ಹುಡುಗಿಗೆ ಕೊಟ್ಟರು. ಅದು ಮರಾಠಿಯಲ್ಲಿತ್ತು. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡಳು. ಕೂಸನ್ನು ನನ್ನ ತೋಳಿಗೆ ಕೊಡುವಾಗ ಅದರ ಮುಖ ನೋಡಲಿಲ್ಲ, ಕಿವಿಯ ಮೇಲಿನ ಬಟ್ಟೆ ಮಾತ್ರ ಎಳೆದು ಮುಚ್ಚಿದಳು.

ಕೂಸಿಗೆ ಏಳನೇ ತೊಟ್ಟಿಲು ಸಿಕ್ಕಿತು. ಬಂದಾಗ ತೂಕ ಎರಡು ಕಿಲೊ ಇನ್ನೂರು. ಬಾಟ್ಲಿಯ ರಬ್ಬರು ಬಾಯಿಗೆ ಹತ್ತುತ್ತಿರಲಿಲ್ಲ. ಹತ್ತು ಹನ್ನೆರಡು ದಿನ ಒಳಲೆಯಲ್ಲಿ ಹನಿಹನಿಯಾಗಿ ಕುಡಿಸಿದೆ. ಪ್ರತಿ ಬೆಳಿಗ್ಗೆ ಎರೆದ ಮೇಲೆ ಬತ್ತಲೆ ತೂಗಿ, ತೂಕದ ವಹಿಯಲ್ಲಿ ಒಂದು ಸಾಲು ಬರೆಯುವುದು ನನ್ನ ಕೆಲಸ. ಮಳೆಗಾಲ ಹತ್ತುವ ಹೊತ್ತಿಗೆ ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಗ್ರಾಂ ಏರತೊಡಗಿತು. ನನ್ನ ದನಿ ಕೇಳಿದರೆ ತಲೆ ತಿರುಗಿಸುತ್ತಿತ್ತು. ಅದಕ್ಕೆ ಹೆಚ್ಚು ಬೆಲೆ ಕೊಡಬಾರದು ಎಂದು ನಮಗೆ ಹೇಳಿಕೊಟ್ಟಿದ್ದರು.

ಜುಲೈನಲ್ಲಿ ಒಂದು ಬೆಳಿಗ್ಗೆ ಬಾಟ್ಲಿ ಕುದಿಸುತ್ತಿದ್ದೆವು. ನನ್ನ ಜೊತೆಯ ಮಾವಶಿ, ಪಿಂಪ್ರಿಯಿಂದ ಲೋಕಲ್ ಗಾಡಿಯಲ್ಲಿ ಬರುತ್ತಿದ್ದವಳು, ಮಗಳ ಗಂಡ ಮನೆಗೆ ಬರುತ್ತಾನೆಂದು ಗೊಣಗುತ್ತಿದ್ದಳು. ಅಧಿಕ ಮಾಸದಲ್ಲಿ ಅಳಿಯನನ್ನು ಕರೆದು ಉಣಿಸಿ ಉಡುಗೊರೆ ಕೊಡುವುದು ಆ ಕಡೆಯ ಪದ್ಧತಿ. "ಈ ತಿಂಗಳನ್ನು ಕಂಡುಹಿಡಿದವನು ಯಾರೋ ಅಳಿಯನೇ ಇರಬೇಕು. ಮಾವ ಆಗಿದ್ದರೆ ಹೀಗೆ ಮಾಡುತ್ತಿರಲಿಲ್ಲ" ಎಂದಳು. ನಾನು ನಕ್ಕೆ. ನಕ್ಕ ಮೇಲೆ, "ಈ ವರ್ಷ ಅಧಿಕ ಯಾವುದು?" ಎಂದು ಕೇಳಿದೆ.

"ಶ್ರಾವಣ. ನಿನ್ನೆಯೇ ಹತ್ತಿತಲ್ಲ. ದಿನಾ ದೇವರ ಮುಂದೆ ಅಷ್ಟೊತ್ತು ಕೂರುತ್ತೀ, ಇಷ್ಟೂ ಗೊತ್ತಿಲ್ಲವಾ ನಿನಗೆ?"

ಎರಡು ಶ್ರಾವಣ. ಹಬ್ಬಗಳೆಲ್ಲ ಎರಡನೆಯದರಲ್ಲಿ. ದಿನಕ್ಕೊಂದು ಹಾಳೆ ಹರಿಯುವವಳಿಗೆ ಮುಂದಿನ ತಿಂಗಳು ಕಂಡಿರಲಿಲ್ಲ. ಕೈ ಒರೆಸಿಕೊಂಡು ಹೋಗಿ ಏಳನೇ ತೊಟ್ಟಿಲಿನ ವಹಿ ತೆಗೆದು ಸಾಲು ಎಣಿಸಿದೆ. ಐವತ್ತಾರು. ನಾಲ್ಕು ಸಾಲು ಬರೆದರೆ ಗಡುವು ಮುಗಿಯುತ್ತಿತ್ತು. ಪಂಚಮಿಗೆ ಇನ್ನೂ ಒಂದು ತಿಂಗಳ ಮೇಲಿತ್ತು.

ಮೇಡಂ ಕೋಣೆಯ ಬಾಗಿಲಿಗೆ ಹೋದೆ. ಅವರು ಕಂಪ್ಯೂಟರ್ ಮುಂದೆ ಕೂತಿದ್ದರು. "ಏನು ಮಾವಶಿ?" ಎಂದು ತಲೆಯೆತ್ತಿದರು.

"ಹಾಲಿನ ಪುಡಿ ಮುಗಿಯುತ್ತ ಬಂತು" ಎಂದೆ.

ಅದು ನಿಜವೂ ಆಗಿತ್ತು. ಅವರು ಚೀಟಿ ಬರೆದು ಕೊಟ್ಟರು, ನಾನು ಹಿಡಿದುಕೊಂಡು ಹೊರಗೆ ಬಂದೆ. ಯಾಕೆ ಹೇಳಲಿಲ್ಲ ಎಂದು ನೀವು ಕೇಳುತ್ತೀರಿ. ಕೆಲಸ ಹೋದೀತು ಎಂಬ ಭಯವಿತ್ತು. ಅದಕ್ಕಿಂತ ಹೆಚ್ಚಾಗಿ, ಸಮಿತಿಯ ಅಷ್ಟು ಓದಿದ ಜನರೆದುರು ಮತ್ತೆ ನಿಂತು, ನಾನೇ ತಪ್ಪು ಹೇಳಿದ್ದು ಎನ್ನಬೇಕಲ್ಲ ಎಂಬ ನಾಚಿಕೆ. ಯಾರಿಗೂ ತಿಳಿಯದಂತೆ ನಾನೇ ಸರಿಮಾಡುತ್ತೇನೆ ಎಂದುಕೊಂಡೆ.

ಮರುದಿನ ನನ್ನ ವಾರದ ರಜೆ. ಹೆತ್ತವರನ್ನು ನಾವು ಹುಡುಕಿಕೊಂಡು ಹೋಗಬಾರದು ಎಂಬ ನಿಯಮವಿದ್ದರೂ ಬಸ್ಸು ಹತ್ತಿ ಕಾತ್ರಜಕ್ಕೆ ಹೋದೆ. ಸೈಟಿನಲ್ಲಿ ತಗಡಿನ ಗುಡಿಸಲುಗಳ ಸಾಲು, ಮೊಳಕಾಲವರೆಗೆ ಕೆಸರು. ಅಲ್ಲಿಗೆ ಹೋದ ಮೇಲೆ ಇನ್ನೊಂದು ತೊಡಕು ತಿಳಿಯಿತು. ಅವಳನ್ನು ಯಾಕೆ ಕೇಳುತ್ತಿದ್ದೇನೆಂದು ಯಾರಿಗೂ ಹೇಳುವಂತಿಲ್ಲ. ಅವಳು ಹೆತ್ತದ್ದು ಅಲ್ಲಿ ಎಷ್ಟು ಜನರಿಗೆ ಗೊತ್ತೋ ನನಗೆ ಗೊತ್ತಿಲ್ಲ. ಕೂಲಿಗಳ ಮುಕಾದಮ ನಮ್ಮ ಕಡೆಯವನೇ. ಹೆಸರು ಹೇಳಿ ಕೇಳಿದೆ.

"ನೀವು ಯಾರಾಗಬೇಕ್ರಿ ಅಮ್ಮಾರ?"

"ದೊಡ್ಡವ್ವ."

"ದೊಡ್ಡವ್ವಗ ಸುದ್ದಿ ಇಲ್ಲೇನು? ಮೊನ್ನೆ ಊರಿಂದ ಅವರವ್ವ ಬಂದಾಳ. ಇಬ್ಬರೂ ಕೂಡಿ ಸಾಸವಡ ಕಡಿ ಕೆಲಸಕ್ಕ ಹೋದ್ರು."

"ಸಾಸವಡದಾಗ ಎಲ್ಲಿ?"

"ಪಂಢರಪುರಕ್ಕ ಪಾಲಖಿ ಹೋಗೋ ರಸ್ತೆಗುಂಟ ಹತ್ತು ಕಡಿ ಕಟ್ಟಾಕ ಹತ್ಯಾರ. ಎಲ್ಲಿ ಅಂತ ಹೇಳ್ಲಿ? ನನಗ ಹೇಳಿ ಹೋಗ್ಯಾರೇನು ಅವರು? ಮುಂಗಡ ಕೊಡೋ ಮುಂದ ಮುಕಾದಮ ಬೇಕು, ಹೋಗೋ ಮುಂದ ಬ್ಯಾಡ."

ಹೆದ್ದಾರಿಗೆ ಬಂದು ನಿಂತೆ. ಸಾಸವಡಕ್ಕೆ ಹೋಗಲು ಇನ್ನೂ ಹೊತ್ತಿತ್ತು. ನಾನು ಹೋಗಲಿಲ್ಲ. ತಾಯಿ ಬಂದಿದ್ದಾಳೆ, ಇನ್ನೇನು ಮಗಳನ್ನು ಊರಿಗೆ ಕರೆದುಕೊಂಡು ಹೋಗುತ್ತಾಳೆ, ಹುಡುಗಿ ಮರೆಯುತ್ತಾಳೆ ಎಂದು ಮನಸ್ಸಿಗೆ ಹೇಳಿಕೊಂಡೆ. ಅದುವರೆಗೆ ಶಿಶುಗೃಹದಲ್ಲಿ ನಾನಿದ್ದ ಅಷ್ಟು ವರ್ಷಗಳಲ್ಲಿ ಕೂಸನ್ನು ವಾಪಸು ಕೇಳಲು ಬಂದವಳು ಒಬ್ಬಳೇ. ಇವಳೂ ಬರಲಿಕ್ಕಿಲ್ಲ ಎಂಬುದನ್ನು ಹಿಡಿದುಕೊಂಡು ಮನೆಗೆ ಬಂದೆ.

ಅರವತ್ತನೆಯ ಸಾಲು ಬರೆದ ದಿನ ಏನೂ ಆಗಲಿಲ್ಲ. ಕೂಸು ಎಂದಿನಂತೆ ಎಂಬತ್ತು ಮಿಲಿ ಕುಡಿದು ಮಲಗಿತು. ವಾರದ ನಂತರ ಸಮಿತಿಯಿಂದ ಕಾಗದ ಬಂತು: ಈ ಕೂಸು ಕಾನೂನಿನ ಪ್ರಕಾರ ದತ್ತಕಕ್ಕೆ ಮುಕ್ತ. ಮೇಡಂ ಅದನ್ನು ಕಂಪ್ಯೂಟರಿಗೆ ಏರಿಸಿದರು. ವರ್ಷಗಟ್ಟಲೆ ಸಾಲಿನಲ್ಲಿ ಕಾದಿದ್ದ ಒಂದು ದಂಪತಿಗೆ ಅದರ ಫೋಟೊ ಮತ್ತು ಎರಡನೇ ಕಡತ ಹೋಯಿತು. ಅವರು ಒಪ್ಪಿದರು. ಪ್ರತಿ ಹೆಜ್ಜೆಯೂ ನನ್ನ ಕಣ್ಣೆದುರೇ ನಡೆಯಿತು. ಪ್ರತಿ ಹೆಜ್ಜೆಯಲ್ಲೂ ಬಾಯಿ ತೆರೆಯಲು ಎಡೆಯಿತ್ತು.

ಎಂಬತ್ತನೆಯ ದಿನ ಅವರು ಬಂದರು. ಅಂದು ನಾನೇ ಕೂಸಿಗೆ ಎರೆದೆ, ತೂಗಿದೆ. ಮೂರು ಕಿಲೊ ಒಂಬೈನೂರು. ಅಂಗಿ ತೊಡಿಸಿ ಮೇಡಂ ಕೈಗೆ ಕೊಟ್ಟೆ. ಕೊಡುವ ಹೊತ್ತಿಗೆ ಮಾವಶಿಯರು ಹೊರಗೆ ಬರಬಾರದು, ಒಳಬಾಗಿಲು ಹಾಕಿಕೊಂಡು ಕೂರಬೇಕು. ಬಾಗಿಲ ಸಂದಿಯಿಂದ ಮೆಟ್ಟಿಲ ಬಳಿ ಬಿಟ್ಟಿದ್ದ ಎರಡು ಜೊತೆ ಚಪ್ಪಲಿ ಮಾತ್ರ ಕಂಡವು. ಸ್ವಲ್ಪ ಹೊತ್ತಿನ ಮೇಲೆ ಅವೂ ಇರಲಿಲ್ಲ. ನಾನು ಏಳನೇ ತೊಟ್ಟಿಲಿನ ಬಟ್ಟೆ ತೆಗೆದು ಒಗೆಯಲು ಹಾಕಿದೆ.

ಎಂಟು ದಿನಗಳ ನಂತರ, ನಾಗರ ಪಂಚಮಿಯ ಹಿಂದಿನ ದಿನ, ಬೆಳಿಗ್ಗೆ ಹತ್ತರ ಸುಮಾರಿಗೆ ಕಾವಲುಗಾರ ಒಳಗೆ ಬಂದು ನನ್ನನ್ನು ಕರೆದ. ಗೇಟಿನ ಬಳಿ ಆ ಹುಡುಗಿ ನಿಂತಿದ್ದಳು, ಜೊತೆಗೆ ಅವಳ ತಾಯಿ. ತಾಯಿಯ ಕೈಯಲ್ಲಿ ಒಂದು ಕುಂಚಿಗೆ. ನಿಮಗೆ ಗೊತ್ತಿರಲಿಕ್ಕಿಲ್ಲ, ಕೂಸಿನ ತಲೆಗೆ ತೊಡಿಸಿದರೆ ಬೆನ್ನು ಮುಚ್ಚುವ ಟೋಪಿ ಅದು. ಹೊಸದಾಗಿ ಹೊಲಿದಿದ್ದರು.

"ಬಂದೀವ್ರಿ ದೊಡ್ಡವ್ವ" ಎಂದಳು ಹುಡುಗಿ. ನಗುತ್ತಿದ್ದಳು.

ನಾನು ಅವರನ್ನು ಮೇಡಂ ಕೋಣೆಗೆ ಕರೆದುಕೊಂಡು ಹೋದೆ. ಮೇಡಂ ಕಪಾಟು ತೆರೆದು ಕಡತ ನೋಡಿ, ಕನ್ನಡಕ ತೆಗೆದಿಟ್ಟು, ಮರಾಠಿಯಲ್ಲಿ ನನಗೆ ಹೇಳಿದರು: "ಗಡುವು ಮುಗಿದು ಇಪ್ಪತ್ತೆಂಟು ದಿನ ಆಯಿತು. ಕೂಸು ಒಳ್ಳೆಯ ಮನೆಗೆ ಹೋಗಿದೆ. ಎಲ್ಲಿ ಎಂದು ಹೇಳಲಾಗುವುದಿಲ್ಲ. ಮೆಲ್ಲಗೆ ಹೇಳು."

ಮೆಲ್ಲಗೆ ಹೇಳಿದೆ.

ಹುಡುಗಿ ನನ್ನನ್ನೇ ನೋಡಿದಳು. ಉತ್ತರ ಕೊಟ್ಟವಳು ತಾಯಿ. "ಯಕ್ಕಾ, ಪಂಚಮಿ ನಾಳೆ ಅದ. ಪಂಚಮಿಯೊಳಗ ಬಾ ಅಂದಾರ ಅಂತ ಹೇಳ್ಯಾಳ ನನ್ನ ಮಗಳು. ನಾ ಬಂದು ತಿಂಗಳ ಮ್ಯಾಲಾತು. ಹಿರಿ ಮಗಳಿಗೆ ಮಕ್ಕಳಿಲ್ಲ, ಆಕೀ ಉಡ್ಯಾಗ ಹಾಕೂದು ಅಂತ ಅಳಿಯನ್ನೂ ಒಪ್ಪಿಸಿ ಬಂದೀನಿ. ಬರೂದರಾಗ ಅಧಿಕ ಹತ್ತಿತು. ಅಧಿಕದಾಗ ಕೂಸು ಮನಿ ತುಂಬಿಸ್ಕೊತಾರೇನು? ಪಂಚಮಿ ತನಕ ಹೊತ್ತದಲ್ಲ ಅಂತ ಸಾಸವಡದಾಗ ಇಟ್ಟಂಗಿ ಹೊತ್ತೀವಿ."

ಗಡುವಿನ ಕೊನೆಯ ನಾಲ್ಕೈದು ದಿನ ಅವರು ಇಲ್ಲೇ, ಒಂದು ಗಂಟೆಯ ದಾರಿಯಲ್ಲಿ, ಕೂಸನ್ನು ಒಯ್ಯಲು ತಯಾರಾಗಿ ಕೂತಿದ್ದರು. ನಾನು ಹೋಗದ ಸಾಸವಡದಲ್ಲಿ.

"ಏನು ಹೇಳುತ್ತಾಳೆ?" ಎಂದರು ಮೇಡಂ.

ಆ ಕೋಣೆಯಲ್ಲಿ ಎರಡೂ ಭಾಷೆ ತಿಳಿದವಳು ನಾನೊಬ್ಬಳೇ. ಅಳುತ್ತಿದ್ದಾಳೆ, ದಿನ ಮರೆತಳಂತೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಮಾತು ನನ್ನ ಬಾಯಿಯವರೆಗೆ ಬಂದಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಹುಡುಗಿ ಆಗ ನಾಲ್ಕು ಮಡಿಕೆಯ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸುತ್ತಿದ್ದಳು. ಬೆವರಿಗೆ ಅದರ ಮಡಿಕೆಗಳು ಹರಿದಿದ್ದವು. ತುಂಡುಗಳನ್ನು ಒಂದಕ್ಕೊಂದು ಸೇರಿಸಿಡುತ್ತ, "ಇದರಾಗ ಪಂಚಮಿ ಅಂತ ಬರದಿಲ್ಲೇನ್ರಿ?" ಎಂದಳು.

"ಪಂಚಮಿ ಎಂದು ಹೇಳಿದವಳು ನಾನು. ಅಧಿಕ ಮಾಸ ಮರೆತಿದ್ದೆ. ಗಡುವಿಗೆ ನಾಲ್ಕು ದಿನ ಮೊದಲೇ ನನಗೆ ತಿಳಿಯಿತು. ತಿಳಿದೂ ನಿಮಗೆ ಹೇಳಲಿಲ್ಲ" ಎಂದು ಮೇಡಂಗೆ ಹೇಳಿದೆ. ಆಮೇಲೆ ಅದನ್ನೇ ಕನ್ನಡದಲ್ಲಿ ಅವರಿಬ್ಬರಿಗೂ ಹೇಳಿದೆ. ಮರಾಠಿಯಲ್ಲಿ ಹೇಳುವುದು ಸುಲಭವಾಗಿತ್ತು.

ತಾಯಿ ನನ್ನನ್ನು ಬೈಯಲಿಲ್ಲ. "ಓದಿದಾಕಿ ಅಂತ ನಂಬಿದ್ವಿ" ಎಂದಳು, ಅಷ್ಟೆ. ನಾನು ಓದಿದ್ದು ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ.

ಮೇಡಂ ಆ ದಿನವೇ ಸಮಿತಿಗೆ ಪತ್ರ ಬರೆದರು. ಮೂರನೆಯ ದಿನ ಎಲ್ಲರೂ ಮತ್ತೆ ಅದೇ ಮೇಜಿನ ಎದುರು ಕೂತೆವು. ಈ ಸಲ ಕನ್ನಡ ಹೇಳಲು ಕಚೇರಿಯವರು ಬೇರೊಬ್ಬರನ್ನು ಕರೆಸಿದ್ದರು. ನಾನು ಅಲ್ಲಿ ತಪ್ಪು ಮಾಡಿದವಳಾಗಿ ಮಾತ್ರ ಇದ್ದೆ. ಜೋರಾಗಿ ಹೇಳಿ ಎಂದು ಯಾರೂ ಹೇಳಬೇಕಾಗಲಿಲ್ಲ.

ಅಧ್ಯಕ್ಷೆ ಎಲ್ಲ ಕೇಳಿದರು. ಬಹಳ ಹೊತ್ತು ಕಾಗದ ತಿರುವಿದರು. ಕೊನೆಗೆ ಹೇಳಿದ್ದು ಇಷ್ಟು: ಅರವತ್ತು ದಿನವೆಂದೂ ಅವಳಿಗೆ ಹೇಳಲಾಗಿತ್ತು, ಪತ್ರದಲ್ಲೂ ಇದೆ. ಕೂಸು ಈಗ ಇನ್ನೊಂದು ಮನೆಯಲ್ಲಿದೆ, ಆ ಮನೆಯವರದು ಯಾವ ತಪ್ಪೂ ಇಲ್ಲ. ಒಮ್ಮೆ ಮುಚ್ಚಿದ್ದನ್ನು ಸಮಿತಿ ತೆರೆಯಲಾರದು. ಬೇಕಿದ್ದರೆ ಮೇಲಿನ ಕಚೇರಿಗೆ ಅರ್ಜಿ ಕೊಡಬಹುದು. ನನ್ನ ತಪ್ಪನ್ನು ನಾನೇ ಬರೆದುಕೊಡಬೇಕು, ಆ ಹೇಳಿಕೆ ಕಡತಕ್ಕೆ ಸೇರುತ್ತದೆ. ಆಮೇಲೆ ನನ್ನ ಕಡೆ ತಿರುಗಿ, "ಆ ನಾಲ್ಕು ದಿನದೊಳಗೆ ಒಂದು ಮಾತು ಹೇಳಿದ್ದರೆ ಈ ಕಡತ ಮುಂದೆ ಹೋಗಲು ನಾನು ಬಿಡುತ್ತಿರಲಿಲ್ಲ" ಎಂದರು. ಸಿಟ್ಟಿನಿಂದಲ್ಲ. ಸಿಟ್ಟು ಮಾಡಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಅರ್ಜಿ ಕೊಡಲು ತಾಯಿ ಒಪ್ಪಲಿಲ್ಲ. ಅರ್ಜಿ ಹೋದರೆ ಊರಿಗೆ ಪೊಲೀಸರು ವಿಚಾರಿಸಲು ಬರುತ್ತಾರೆ ಎಂಬ ಹೆದರಿಕೆ. "ಹಿರಿ ಮಗಳ ಮನ್ಯಾಗೂ ಮರ್ಯಾದಿ ಹೋಗ್ತದ. ಸಾಕು ಏಳು" ಎಂದು ಮಗಳ ರಟ್ಟೆ ಹಿಡಿದಳು.

ಹುಡುಗಿ ಏಳಲಿಲ್ಲ. ಅವಳು ಹೊಸ ದುಭಾಷಿಯನ್ನು ಬಿಟ್ಟು ನನ್ನನ್ನು ಕೇಳಿದಳು: "ಆಕಿ ದೊಡ್ಡಾಕಿ ಆಗಿ ಕೇಳಕೋತ ಬಂದ್ರ ನಾ ಬಂದಿದ್ದೆ ಅಂತ ಹೇಳ್ತಾರೇನ್ರಿ?"

ದುಭಾಷಿ ಅದನ್ನು ಮರಾಠಿಯಲ್ಲಿ ತಿಳಿಸಿದ ಮೇಲೆ ಮೇಡಂ ಹೇಳಿದರು: ಹೆಸರು ಹೇಳಬಹುದು ಎಂದು ನೀನು ಈಗ ಒಪ್ಪಿದರೆ ಎಲ್ಲವನ್ನೂ ಹೇಳುತ್ತಾರೆ. ಒಪ್ಪದಿದ್ದರೆ ಇಲ್ಲ.

"ಬ್ಯಾಡ. ಮುಂದ ಲಗ್ನ ಆಗೂದದ ನಿಂದು" ಎಂದಳು ತಾಯಿ.

ಹುಡುಗಿ ತಾಯಿಯ ಮುಖ ನೋಡಿದಳು. "ಹೆಸರು ಬ್ಯಾಡ. ಬಂದಿದ್ದೆ ಅಂತ ಇಷ್ಟೇ ಹೇಳಾಕ ಆಗಂಗಿಲ್ಲೇನ್ರಿ? ಬಿಟ್ಟು ಹೋದಾಕಿ ಅಲ್ಲ, ಬಂದಿದ್ಲು ಅಂತ."

ಅಂಥ ಕಾಲಂ ಯಾವ ನಮೂನೆಯಲ್ಲೂ ಇರಲಿಲ್ಲ. ನಾನು ಎದ್ದುನಿಂತೆ. ನನ್ನ ತಪ್ಪಿನ ಹೇಳಿಕೆಯನ್ನು ಬರೆದು ಕಡತಕ್ಕೆ ಸೇರಿಸಬೇಕೆಂದು ಅಧ್ಯಕ್ಷೆಯೇ ಹೇಳಿದ್ದರಲ್ಲ, ಅದು ನನ್ನದು, ಹುಡುಗಿಯದಲ್ಲ. ಅದರಲ್ಲಿ ಅವಳ ಹೆಸರಿಲ್ಲದೆ ಎಲ್ಲ ಬರೆಯುತ್ತೇನೆ, ಕೂಸು ಬಂದರೆ ನನ್ನ ಹೇಳಿಕೆಯನ್ನು ಅದಕ್ಕೆ ಓದಿ ಹೇಳಬಹುದೇ ಎಂದು ಕೇಳಿದೆ. ಅವರು ತಮ್ಮತಮ್ಮಲ್ಲಿ ಮಾತಾಡಿಕೊಂಡರು. ನಿಯಮದಲ್ಲಿ ಬೇಡವೆಂದಿಲ್ಲ ಎಂದರು.

ಅಲ್ಲೇ ಮೂಲೆಯ ಬೆಂಚಿನ ಮೇಲೆ ಕೂತು ಬರೆದೆ. ಮರಾಠಿಯಲ್ಲಿ ಬರೆಯಲು ನನಗೆ ಧೈರ್ಯವಿಲ್ಲ, ಕನ್ನಡದಲ್ಲೇ ಬರೆದೆ, ಒಂದೂವರೆ ಪುಟ. ಬರೆದದ್ದನ್ನು ಹುಡುಗಿಗೆ ಓದಿ ಹೇಳಿದೆ. "ಕುಂಚಿಗಿ ತಂದಿದ್ಲು ಅಂತನೂ ಬರೀರಿ" ಎಂದಳು. ಅದನ್ನೂ ಬರೆದೆ. ಕಡತ ಕಪಾಟಿಗೆ ಹೋಯಿತು. ಅವರಿಬ್ಬರೂ ಕಾತ್ರಜಕ್ಕೆ ಹೋಗಿ ಊರ ಬಸ್ಸು ಹತ್ತಿದರೆಂದು ಕಾಣುತ್ತದೆ. ನಾನು ಕಳಿಸಲು ಹೋಗಲಿಲ್ಲ, ಬನ್ನಿ ಎಂದು ಅವರೂ ಕರೆಯಲಿಲ್ಲ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ತೊಟ್ಟಿಲ ಕೋಣೆಯಿಂದ ಬಟ್ಟೆ ಒಗೆಯುವ ಕಡೆಗೆ ಹಾಕಿದರು. ಎರಡು ವರ್ಷ ಒಗೆದೆ.

ಆ ಹೇಳಿಕೆಯ ಕೆಳಗೆ ನನ್ನ ಪೂರ್ತಿ ಹೆಸರು ಬರೆದಿದ್ದೇನೆ. ಹೆತ್ತವಳ ಹೆಸರು ಸಿಗದ ಹುಡುಗಿಗೆ ಸಿಟ್ಟು ಮಾಡಲಿಕ್ಕಾದರೂ ಒಂದು ಹೆಸರು ಬೇಕು. ವಿಳಾಸ ನಾವಿರುವ ಈ ಮನೆಯದೇ ಕೊಟ್ಟಿದ್ದೇನೆ. ಅವಳಿಗೆ ಹದಿನೆಂಟು ತುಂಬುವ ಹೊತ್ತಿಗೆ ನಾನು ಇರುವುದಿಲ್ಲ, ಬಾಗಿಲು ತೆಗೆಯುವವರು ನೀವು. ಬಂದರೆ ಒಳಗೆ ಕೂರಿಸಿ. ಅವಳು ಏನು ಅಂದರೂ ನನ್ನ ಪರವಾಗಿ ವಾದಿಸಬೇಡಿ. ಊಟದ ಹೊತ್ತಾಗಿದ್ದರೆ ಉಣ್ಣಲು ಹಾಕಿ. ಆಮೇಲೆ ಇದನ್ನು ಓದಿ ಹೇಳಿ.